ಪಾಠದ ವಿಡಿಯೊದಲ್ಲಿ ತಪ್ಪು ಉತ್ತರಕ್ಕೂ ಜಾಗ ಕೊಡಿ

ಪತ್ರ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಠಗಳನ್ನು ಮೊಬೈಲಿನಲ್ಲೇ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಮಕ್ಕಳು ನೋಡಿ, "ಚೆನ್ನಾಗಿ ಅರ್ಥ ಆಯ್ತು ಮಿಸ್" ಅಂತಾರೆ. ಟೆಸ್ಟಿನಲ್ಲಿ ನೋಡಿದರೆ ಅದೇ ಹಳೇ ತಪ್ಪುಗಳು. ವಿಡಿಯೊವನ್ನು ಇನ್ನೂ ಸರಳ ಮಾಡಬೇಕಾ?
– ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಬೇಡ ಮೇಡಂ. ಸರಳ ಮಾಡಿದಷ್ಟೂ ಮಕ್ಕಳು "ಅರ್ಥ ಆಯ್ತು" ಅನ್ನೋದು ಜಾಸ್ತಿ ಆಗಬಹುದು, ಕಲಿಕೆ ಅಲ್ಲ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಯೂಟ್ಯೂಬಿನ ವೆರಿಟೇಸಿಯಂ ಚಾನೆಲ್ ಶುರು ಮಾಡಿದ ಡೆರೆಕ್ ಮುಲ್ಲರ್, 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದ್ದೇ ಭೌತಶಾಸ್ತ್ರದ ಪಾಠದ ವಿಡಿಯೊಗಳ ಬಗ್ಗೆ. ವಿದ್ಯಾರ್ಥಿಗಳಿಗೆ ಮೊದಲೊಂದು ಟೆಸ್ಟ್ ಕೊಟ್ಟರು. ಆಮೇಲೆ ವಿಡಿಯೊ ತೋರಿಸಿ ಮತ್ತೆ ಟೆಸ್ಟ್ ಕೊಟ್ಟರು. ಅಚ್ಚುಕಟ್ಟಾಗಿ ವಿವರಿಸುವ ವಿಡಿಯೊ ನೋಡಿದವರು ಸ್ಪಷ್ಟವಾಗಿತ್ತು, ಸುಲಭವಾಗಿತ್ತು ಅಂದರು. ಆದರೆ 26ಕ್ಕೆ 6 ಇದ್ದ ಸರಾಸರಿ ಅಂಕ 6.3 ಆಯಿತು, ಅಷ್ಟೇ. ತಾವು ಬರೆದದ್ದು ಸರಿ ಎಂಬ ಧೈರ್ಯ ಮಾತ್ರ ಹೆಚ್ಚಿತ್ತು! ಇನ್ನೊಂದು ವಿಡಿಯೊದಲ್ಲಿ ಇಬ್ಬರ ಮಾತುಕತೆ. ಎಲ್ಲರ ತಲೆಯಲ್ಲಿರುವ ತಪ್ಪು ಕಲ್ಪನೆಯನ್ನೇ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೆದಕುತ್ತಾರೆ. ನೋಡಿದವರು ಗೊಂದಲವಾಯಿತು ಅಂದರು. ಅಂಕ ಮಾತ್ರ ಸುಮಾರು 11ಕ್ಕೆ ಏರಿತ್ತು.

ಯಾಕೆ ಹೀಗೆ? ನೇರ ಮೇಲಕ್ಕೆ ಎಸೆದ ಚೆಂಡನ್ನೇ ತಗೊಳ್ಳಿ. ಕೈ ಬಿಟ್ಟು ಮೇಲೆ ಹೋಗುತ್ತಿರುವಾಗ ಅದರ ಮೇಲೆ ಯಾವ ಬಲ ಇದೆ? ಕೈ ಕೊಟ್ಟ ಬಲ ಇನ್ನೂ ಚೆಂಡಿನಲ್ಲಿದೆ, ಅದು ಖಾಲಿಯಾದ ಮೇಲೆ ಬೀಳುತ್ತೆ ಅಂತ ಎಷ್ಟೋ ಮಕ್ಕಳು ಹೇಳುತ್ತಾರೆ. ಗಾಳಿಯ ತಡೆ ಬಿಟ್ಟರೆ ಅಲ್ಲಿರುವುದು ಗುರುತ್ವ ಬಲ ಒಂದೇ. ಏರುವಾಗಲೂ ಅದೇ, ತುತ್ತತುದಿಯಲ್ಲೂ ಅದೇ, ಇಳಿಯುವಾಗಲೂ ಅದೇ, ಯಾವಾಗಲೂ ಕೆಳಮುಖವಾಗಿಯೇ. ನಾವು ಬರೀ ಸರಿಯುತ್ತರ ಹೇಳಿ ಮುಗಿಸಿದರೆ ಮಗು "ಇದು ನಂಗೊತ್ತು" ಅಂದುಕೊಂಡು ಸುಮ್ನೆ ಕೂರುತ್ತೆ. ತಾನು ನಂಬಿದ್ದೇ ಬೇರೆ, ಕೇಳಿದ್ದೇ ಬೇರೆ ಅಂತ ಅದಕ್ಕೆ ಹೊಳೆಯುವುದೇ ಇಲ್ಲ.

ಹಾಗಾಗಿ ಮುಂದಿನ ವಿಡಿಯೊದಲ್ಲಿ ಆ "ಕೈ ಕೊಟ್ಟ ಬಲ"ದ ಉತ್ತರದಿಂದಲೇ ಶುರು ಮಾಡಿ. "ಕೈ ಬಿಟ್ಟ ಮೇಲೂ ಕೈ ಹೇಗಪ್ಪಾ ತಳ್ಳುತ್ತೆ?" ಅಂತ ಕೇಳಿ, ಅಲ್ಲೇ ನಿಲ್ಲಿಸಿಬಿಡಿ. ಮಾರನೇ ದಿನ ಕ್ಲಾಸಿನಲ್ಲಿ ಮಕ್ಕಳು ಜಗಳ ಆಡಲಿ. ಅವರು ಹೇಳಿದ ಕಾರಣಗಳನ್ನು ಬರೆದಿಟ್ಟುಕೊಂಡು ಎರಡನೇ ವಿಡಿಯೊದಲ್ಲಿ ಒಂದೊಂದಕ್ಕೂ ಉತ್ತರ ಕೊಡಿ. ಪಕ್ಕದ ಊರಿನ ಶಾಲೆಯವರೂ ನೋಡುತ್ತಿದ್ದರೆ ಅವರ ಮಕ್ಕಳ ಅನುಮಾನಗಳನ್ನೂ ತರಿಸಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಯೂಟ್ಯೂಬಿಗೆ ಹಾಕಿದ್ದನ್ನು ಊರೆಲ್ಲ ನೋಡುತ್ತೆ. ತಪ್ಪು ಹೇಳಿದ ಮಗುವಿನ ಮುಖವನ್ನಾಗಲಿ, ಹೆಸರನ್ನಾಗಲಿ ತೋರಿಸಬೇಡಿ. ಆ ಮಾತನ್ನು ನೀವೇ ಹೇಳಿ, ಇಲ್ಲವೇ ಜೊತೆಯ ಶಿಕ್ಷಕರೊಬ್ಬರಿಗೆ ಆ ಪಾತ್ರ ಕೊಡಿ. ಒಂದು ಮಗು ನಗೆಪಾಟಲಾದರೆ ಸಾಕು, ಮತ್ತೆ ಯಾರೂ ಬಾಯಿ ಬಿಡುವುದಿಲ್ಲ ಅಲ್ವಾ?

ಕ್ಯಾಮೆರಾ, ಲೈಟುಗಳಿಗೆ ದುಡ್ಡು ಸುರಿಯಬೇಡಿ. ನಿಮ್ಮ ಮೊಬೈಲೇ ಸಾಕು, ಮಾತು ಸರಿಯಾಗಿ ಕೇಳಿಸಿದರೆ ಆಯಿತು. ಚೆಂಡಿನ ಬಗ್ಗೆ ನಿಮ್ಮ ಮಕ್ಕಳು ಹೇಳುವ ಕಾರಣಗಳನ್ನು ನಮಗೂ ಬರೆದು ಕಳಿಸಿ. ಹೆಸರಿಲ್ಲದೆ ಪತ್ರಿಕೆಯಲ್ಲಿ ಹಾಕುತ್ತೇವೆ, ಬೇರೆ ಶಿಕ್ಷಕರಿಗೂ ಬೇಕಾಗುತ್ತವೆ.