ಮೊದಲ ಬೆಳಗ್ಗೆಯೇ ಹೆಣ್ಣು ಎಲ್ಕ್ ಎದುರಾದರೆ ಹೊಡೆಯಬೇಕೇ, ಕೊಂಬಿನ ಗಂಡಿಗೆ ಕಾಯಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ, ಅಕ್ಟೋಬರಿನ ಮೊದಲ ರೈಫಲ್ ಸೀಸನ್ನಿಗೆ ಲಾಟರಿಯಲ್ಲಿ ಲೈಸೆನ್ಸ್ ಸಿಕ್ಕಿದೆ, ಗಂಡು ಹೆಣ್ಣು ಯಾವುದನ್ನಾದರೂ ಹೊಡೆಯಬಹುದು, ಇದು ನಿಮ್ಮ ಮೊದಲ ಬೇಟೆ, ಕೈಯಲ್ಲಿರುವುದು ಐದೇ ದಿನ. ಮೊದಲ ದಿನವೇ ಹೆಣ್ಣು ಕಂಡರೆ ಏನು ಮಾಡಲಿ ಎಂದು ಕೇಳಿದ್ದೀರಿ. ಹೊಡೆಯಿರಿ. ಆದರೆ ಅದು ಕಂಡ ಮೇಲೆ ಯೋಚಿಸಲು ಕೂರಬೇಡಿ. ಮನೆ ಬಿಡುವ ಮುಂಚೆಯೇ ಯೋಚಿಸಿ ಮುಗಿಸಿರಿ. ಹಾಗೆ ಮಾಡದೆ ಹೋಗಿ ನಾನು ಒಂದು ಇಡೀ ಚಳಿಗಾಲ ನನ್ನನ್ನೇ ಬೈದುಕೊಂಡಿದ್ದೇನೆ.

ನಾನು ಕೊಡಗಿನವನು. ಮನೆಯ ಗೋಡೆಯ ಮೇಲೆ ಅಜ್ಜನ ಕೋವಿ ಇತ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೆಳಗಿಳಿದು, ಹೂವು ಗಂಧ ಹಚ್ಚಿಸಿಕೊಂಡು, ಒಂದೆರಡು ತೆಂಗಿನಕಾಯಿ ಒಡೆದು ಮತ್ತೆ ಗೋಡೆಗೇರುತ್ತಿತ್ತು. 1972ರ ವನ್ಯಜೀವಿ ಕಾಯಿದೆ ನಾನು ಹುಟ್ಟುವ ಮುಂಚೆಯೇ ಬಂದಿತ್ತಾದ್ದರಿಂದ ನನಗೆ ದಕ್ಕಿದ್ದು ಬೇಟೆಯ ಕಥೆಗಳು ಮಾತ್ರ. ಆ ಕಥೆಗಳಲ್ಲಿ ಯಾರೂ ಎಂದೂ ಹೆಣ್ಣನ್ನು ಹೊಡೆದದ್ದಿಲ್ಲ. ಹಂದಿಯಾದರೆ ಕೋರೆಯ ಒಂಟಿಗ, ಕಡವೆಯಾದರೆ ಮರದ ಕೊಂಬೆಯಂಥ ಕೋಡು. ನಿಜವಾಗಿಯೂ ಹಾಗೆ ನಡೆದಿತ್ತು ಎಂದು ನಾನೀಗ ನಂಬುವುದಿಲ್ಲ, ಹೆಣ್ಣು ಹೊಡೆದವರು ಕಥೆ ಹೇಳದೆ ಸುಮ್ಮನೆ ಸಾರು ಮಾಡಿಕೊಂಡಿರಬೇಕು. ಆದರೆ ರಾಕಿ ಪರ್ವತಕ್ಕೆ ಮೊದಲ ಸಲ ಕೋವಿ ಹೊತ್ತು ಹೋದಾಗ ತಲೆಯಲ್ಲಿದ್ದದ್ದು ಆ ಕೋಡುಗಳೇ.

ಆ ವರ್ಷ, ಮೊದಲ ಬೆಳಗ್ಗೆ, ಸೂರ್ಯ ಹುಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ. ಆಸ್ಪೆನ್ ತೋಪಿನ ಅಂಚಿನಿಂದ ಏಳು ಹೆಣ್ಣುಗಳು ಸಾಲಾಗಿ ಹುಲ್ಲುಗಾವಲಿಗೆ ಇಳಿದವು. ಕೊನೆಯದು ನನ್ನಿಂದ 140 ಗಜದಲ್ಲಿ ಅಡ್ಡಕ್ಕೆ ನಿಂತಿತು. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು, ಕೋವಿ ಬೆನ್ನುಚೀಲದ ಮೇಲೆ ಅಲುಗದೆ ಕೂತಿತ್ತು, ಅಲ್ಲಿಂದ ಗಾಡಿಗೆ ಒಂದೂವರೆ ಕಿಲೋಮೀಟರ್, ಅದೂ ಇಳಿಜಾರು. ಇಷ್ಟು ಬೇಗ ಹೆಣ್ಣು ಸಿಕ್ಕಿತೆಂದರೆ ಹಿಂದೆಯೇ ಗಂಡೂ ಬರುತ್ತದೆ ಎಂದುಕೊಂಡು ಬಿಟ್ಟುಬಿಟ್ಟೆ. ಎರಡನೆಯ ದಿನ ಮಂಜು, ಮೂರನೆಯ ದಿನ ಹಿಮ, ಹಿಕ್ಕೆಯೂ ಕಾಣಲಿಲ್ಲ. ನಾಲ್ಕನೆಯ ಸಂಜೆ ಕವಲೊಡೆಯದ ಒಂಟಿ ಮೊಳೆಗೋಡಿನ ಎಳೆಯ ಗಂಡು ಬಂತು. ನಮ್ಮ ಘಟಕದಲ್ಲಿ (ಬೇಟೆಗಾಗಿ ರಾಜ್ಯವನ್ನು ಹಂಚಿರುವ ಪ್ರದೇಶಗಳಲ್ಲಿ ಒಂದು) ಅದನ್ನು ಹೊಡೆಯುವಂತಿಲ್ಲ. ಐದನೆಯ ಸಂಜೆ ಕಮರಿಯ ಆಚೆ ದಡದಲ್ಲಿ ಕಥೆಯ ಗಂಡೇ ನಿಂತಿತ್ತು, 450 ಗಜ, ಬೆಳಕು ಆರುತ್ತಿತ್ತು. ನಾನು ಗುರಿ ಅಭ್ಯಾಸ ಮಾಡಿದ್ದು 250 ಗಜದವರೆಗೆ. ಕೋವಿ ಎತ್ತಲಿಲ್ಲ, ಅದೊಂದನ್ನು ಮಾತ್ರ ಸರಿ ಮಾಡಿದೆ. ಆ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದ ಎಲ್ಕ್ ಮಾಂಸವೆಂದರೆ ಹೆಣ್ಣು ಹೊಡೆದಿದ್ದ ಗೆಳೆಯ ಕೊಟ್ಟ ಎರಡು ಕಿಲೋ.

ಕೊಲೊರಾಡೊದಲ್ಲಿ ಇರುವಷ್ಟು ಎಲ್ಕ್ ಅಮೆರಿಕದ ಬೇರಾವ ರಾಜ್ಯದಲ್ಲೂ ಇಲ್ಲ, ಎರಡೂವರೆ ಲಕ್ಷಕ್ಕೂ ಮೇಲೆ. ಹಾಗಿದ್ದೂ ಬೇಟೆಗೆ ಹೋದ ಐದು ಜನರಲ್ಲಿ ಹೆಚ್ಚುಕಡಿಮೆ ನಾಲ್ವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇನ್ನು ‘ಕಾಯುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೆಣ್ಣು ಕಂಡ ಜಾಗದಲ್ಲೇ ಕೂತರೆ ಗಂಡು ಅಲ್ಲಿಗೇ ಬರುತ್ತದೆ ಎಂಬುದು ಸೆಪ್ಟೆಂಬರಿನ ಬೆದೆಯ ದಿನಗಳಲ್ಲಿ ನಿಜ, ಅಕ್ಟೋಬರ್ ಮಧ್ಯಕ್ಕೆ ಅರ್ಧ ಸುಳ್ಳು. ಕೆಲವು ಗಂಡುಗಳು ಆಗಲೂ ಹಿಂಡಿನ ಜೊತೆಗಿರುತ್ತವೆ, ಮುಂಜಾನೆ ಒಮ್ಮೊಮ್ಮೆ ಕೂಗುತ್ತವೆ. ಆದರೆ ಬೆದೆಯಲ್ಲಿ ಮೇವು ಬಿಟ್ಟು ಸೊರಗಿದ ದೊಡ್ಡ ಗಂಡುಗಳು ಹಿಂಡು ತೊರೆದು, ಕಡಿದಾದ ಬಡಗು ಇಳಿಜಾರಿನ ದಟ್ಟ ಕಾಡಿಗೆ ಒಂಟಿಯಾಗಿ ಸೇರಿಕೊಳ್ಳುತ್ತವೆ. ಅಲ್ಲಿ ಕಾಲಿಟ್ಟಲ್ಲೆಲ್ಲ ಬಿದ್ದ ಮರ. ಆದ್ದರಿಂದ ಹೆಣ್ಣನ್ನು ಬಿಡುವುದೆಂದರೆ ಕಾಯುವುದಲ್ಲ, ಬೇರೆಯೇ ಕಾಡಿನಲ್ಲಿ ಬೇರೆಯೇ ಬೇಟೆ ಶುರುಮಾಡುವುದು. ಆ ಕಾಡನ್ನು ಬೇಸಿಗೆಯಲ್ಲೇ ನಡೆದು ನೋಡಿದ್ದೀರಾ? ಇಲ್ಲವಾದರೆ ಐದು ದಿನ ಸಾಲದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ ಭಾರ. ಬೆಳೆದ ಹೆಣ್ಣು ಸುಮಾರು 225 ಕಿಲೋ, ಗಂಡು 300 ಕಿಲೋ ದಾಟುತ್ತದೆ. ಎರಡನೆಯ ವರ್ಷ ನಾನು ಹೆಣ್ಣನ್ನೇ ಹೊಡೆದೆ, ಹತ್ತು ಸಾವಿರ ಅಡಿ ಎತ್ತರದಲ್ಲಿ, ದಾರಿಯಿಂದ ಮೂರು ಕಿಲೋಮೀಟರ್ ಒಳಗೆ. ಮೂಳೆ ಸಮೇತ ಒಂದು ಹಿಂದೊಡೆಯೇ ಇಪ್ಪತ್ತೈದು ಕಿಲೋ ಹತ್ತಿರ ತೂಗಿತು. ಇಬ್ಬರು ಮೂರು ಮೂರು ಸುತ್ತು ಹೊತ್ತೆವು. ಕೊನೆಯ ಸುತ್ತು ಮುಗಿದಾಗ ರಾತ್ರಿ ಹನ್ನೊಂದು. ಮೂಳೆ ಬಿಡಿಸಿದ ಮೇಲೆ ಉಳಿದದ್ದು 65 ಕಿಲೋ ಮಾಂಸ. ಅದೇ ಜಾಗದಲ್ಲಿ ಗಂಡನ್ನು ಹೊಡೆದಿದ್ದರೆ ಇನ್ನೂ ಎರಡು ಸುತ್ತು, ಮೇಲೆ ತಲೆ. ಅಕ್ಟೋಬರಿನ ಮಧ್ಯಾಹ್ನ ಬಿಸಿಲೇರಿದರೆ ಚರ್ಮದೊಳಗಿನ ಮಾಂಸ ಬೇಗ ಕೆಡುತ್ತದೆ. ಬಿದ್ದ ಕೂಡಲೇ ಚರ್ಮ ಬಿಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ನೆರಳಿಗೆ ತೂಗುಹಾಕಬೇಕು. ಮಾಂಸ ಬಿಟ್ಟು ಕೋಡು ಮಾತ್ರ ಕಿತ್ತುಕೊಂಡು ಬರುವುದು ಇಲ್ಲಿ ಗಂಭೀರ ಅಪರಾಧ, ಜೈಲಿನವರೆಗೂ ಹೋಗಬಹುದು. ಹಾಗಾಗಿ ಗುರಿಯಿಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ‘ಇದು ಹೆಣ್ಣೋ ಗಂಡೋ’ ಎಂದಲ್ಲ, ‘ಇದು ಇಲ್ಲಿ ಬಿದ್ದರೆ ಇವತ್ತೇ ಹೊರಗೆ ತರುತ್ತೇನೆಯೇ’ ಎಂದು. ಎಷ್ಟೇ ದೊಡ್ಡ ಕೋಡಿರಲಿ, ಕಮರಿಯ ತಳದಲ್ಲಿದ್ದರೆ ನಾನು ಬಿಡುತ್ತೇನೆ.

ಗಂಡಾದರೆ ಎಣಿಸುವ ಕೆಲಸವೂ ಇದೆ. ಹೆಚ್ಚಿನ ಘಟಕಗಳಲ್ಲಿ ಒಂದು ಕೋಡಿನಲ್ಲಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಮೇಲಿಂದ ಮುಂದಕ್ಕೆ ಚಾಚಿದ ಕವಲು ಐದು ಅಂಗುಲ ಇರಬೇಕು. ಮಬ್ಬುಬೆಳಕಿನಲ್ಲಿ ಐದು ಅಂಗುಲ ಅಳೆಯುವುದು ಹೇಳಿದಷ್ಟು ಸುಲಭವಲ್ಲ. ಇದು ಹೆಣ್ಣಿನ ಬೇಟೆಗೂ ಸಂಬಂಧಿಸಿದ್ದೇ: ಮೊಳೆಗೋಡಿನ ಗಂಡು ಕಿವಿಗಳ ಹಿಂದೆ ಕೋಡು ಮರೆಸಿಕೊಂಡು ಹೆಣ್ಣುಗಳ ನಡುವೆ ನಿಂತಿರುತ್ತದೆ. ದುರ್ಬೀನಿನಲ್ಲಿ ತಲೆಯನ್ನು ಎದುರಿನಿಂದಲೂ ಪಕ್ಕದಿಂದಲೂ ನೋಡುವ ತನಕ ಕೋವಿಯ ಕುದುರೆಗೆ ಬೆರಳು ಹೋಗಬಾರದು. ಹಿಂಡಾಗಿದ್ದರೆ ಗುಂಡು ಒಂದರ ಮೈ ದಾಟಿ ಹಿಂದಿನದಕ್ಕೂ ತಗುಲಬಹುದು. ಒಂದೇ ಬೇರ್ಪಟ್ಟು ನಿಲ್ಲುವವರೆಗೆ ತಡೆಯಿರಿ. ನಿಜವಾಗಿ ಕಾಯಬೇಕಾದದ್ದು ಆ ಕ್ಷಣಕ್ಕೆ. ಹೊಡೆದ ಮೇಲೆ ಲಿಂಗದ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬುದು ನಿಯಮ; ಹೆಣ್ಣಾದರೆ ಒಂದು ಹಿಂದೊಡೆಯಲ್ಲಿ ಕೆಚ್ಚಲನ್ನು ಹಾಗೆಯೇ ಬಿಡಿ.

ಇಲ್ಲಿಯವರು ಹೆಣ್ಣಿಗೆ ‘ಕೌ’, ಗಂಡಿಗೆ ‘ಬುಲ್’ ಎನ್ನುತ್ತಾರೆ. ಎರಡನೆಯ ವರ್ಷ ಹೆಣ್ಣು ಹೊಡೆದ ರಾತ್ರಿ ಊರಿಗೆ ಫೋನ್ ಮಾಡಿ ಸಂಭ್ರಮದಲ್ಲಿ ‘ಕೌ ಹೊಡೆದೆ’ ಎಂದುಬಿಟ್ಟೆ. ಅಮ್ಮ ಅರ್ಧ ನಿಮಿಷ ಮಾತೇ ಆಡಲಿಲ್ಲ. ಕಡವೆಯ ನೆಂಟ, ಅದಕ್ಕಿಂತ ದೊಡ್ಡದು ಎಂದು ಬಿಡಿಸಿ ಹೇಳಿದ ಮೇಲೆ ಉಸಿರು ಬಿಟ್ಟರು. (ಸಿಲೋನಿನ ಬ್ರಿಟಿಷ್ ಶಿಕಾರಿಗಳು ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು, ಹಾಗಾಗಿ ನನ್ನ ವಿವರಣೆ ಪೂರ್ತಿ ಹುಸಿಯೂ ಅಲ್ಲ.) ಆಮೇಲೆ ಅಮ್ಮ ಕೇಳಿದ್ದು ಒಂದೇ: ಮರಿ ಇತ್ತೇ?

ಇತ್ತು. ಹೊಡೆದ ಮೇಲೆ ಕಂಡಿತು. ಓಡಿದ ಹಿಂಡಿನಿಂದ ಒಂದು ಕರು ಹಿಂದಿರುಗಿ ಬಂದು ಮರಗಳ ಅಂಚಿನಲ್ಲಿ ನಿಂತು ನೋಡಿತು, ಮತ್ತೆ ಹಿಂಡಿನತ್ತ ಹೋಯಿತು. ಕರುಗಳು ಹುಟ್ಟುವುದು ಮೇ ಕೊನೆ, ಜೂನಿನಲ್ಲಿ. ಅಕ್ಟೋಬರಿಗೆ ಅವು ಹುಲ್ಲು ಮೇಯುತ್ತವೆ, ಹಿಂಡಿನ ಜೊತೆ ಬದುಕಬಲ್ಲವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ ಚಾಕು ಹೊರತೆಗೆಯಲು ಕಾಲು ಗಂಟೆ ಬೇಕಾಯಿತು. ಆ ತಿಂಗಳಲ್ಲಿ ಹೆಚ್ಚಿನ ಹೆಣ್ಣುಗಳು ಆಗಷ್ಟೇ ಗಬ್ಬವಾಗಿರುತ್ತವೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಇದು ನಿಮ್ಮಿಂದ ಆಗದು ಎನಿಸಿದರೆ ಹೆಣ್ಣನ್ನು ಬಿಡಿ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ.

ಆದರೆ ಹೆಣ್ಣನ್ನು ಕೊಂದರೆ ಸಂತತಿಗೇ ಪೆಟ್ಟು ಎಂಬ ವಾದಕ್ಕೆ ಮಾತ್ರ ಸೋಲಬೇಡಿ. ನೂರು ವರ್ಷದ ಹಿಂದೆ ಆ ಮಾತು ಸರಿಯಿತ್ತು. ಇಲ್ಲಿ ಎಲ್ಕ್ ಬಹುತೇಕ ಅಳಿದುಹೋಗಿ, 1913–14ರಲ್ಲಿ ಎಸ್ಟಿಸ್ ಪಾರ್ಕ್ ಕಣಿವೆಗೆ ಯೆಲ್ಲೋಸ್ಟೋನಿನಿಂದ 49 ಎಲ್ಕ್ ತಂದು ಬಿಡಬೇಕಾಯಿತು. ಈಗ ಅದೇ ಊರಿನ ಗಾಲ್ಫ್ ಮೈದಾನದಲ್ಲಿ ಅವು ಮಲಗಿರುತ್ತವೆ. ಹಿಂಡು ಬೆಳೆಯುವುದೂ ಕುಗ್ಗುವುದೂ ಹೆಣ್ಣುಗಳ ಲೆಕ್ಕದ ಮೇಲೆ. ಒಂದು ಗಂಡು ಹೋದರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಅದಕ್ಕೇ ವನ್ಯಜೀವಿ ಇಲಾಖೆ ಹೆಣ್ಣಿನ ಲೈಸೆನ್ಸುಗಳನ್ನು ಹಿಂಡಿನ ಸ್ಥಿತಿ ನೋಡಿ ಏರಿಸುತ್ತದೆ, ಇಳಿಸುತ್ತದೆ. ನಿಮ್ಮ ಘಟಕದಲ್ಲಿ ಹೆಣ್ಣು ಹೊಡೆಯಲು ಅನುಮತಿ ಇದೆಯೆಂದರೆ ಆ ಲೆಕ್ಕ ಆಗಲೇ ಆಗಿದೆ.

ಕಾಯುವುದೇ ಸರಿಯೆನ್ನುವ ಸಂದರ್ಭವೂ ಇದೆ. ವಾಯವ್ಯ ಮೂಲೆಯ 2, 10, 201ನೇ ಘಟಕಗಳಂಥ ಕಡೆ ಗಂಡಿನ ಲೈಸೆನ್ಸಿಗೆ ಜನ ಲಾಟರಿಯಲ್ಲಿ ಆದ್ಯತೆ ಕೊಡಿಸುವ ಅಂಕಗಳನ್ನು ವರ್ಷಗಟ್ಟಲೆ ಕೂಡಿಹಾಕುತ್ತಾರೆ. ಅಂಥ ಲೈಸೆನ್ಸ್ ಕೈಯಲ್ಲಿದ್ದವರು ಬರಿಗೈಯಲ್ಲಿ ಬಂದರೂ ಸರಿ, ಕಾಯಲಿ. ನಿಮ್ಮದು ಮೊದಲ ಪ್ರಯತ್ನದಲ್ಲೇ ಸಿಕ್ಕ ಲೈಸೆನ್ಸ್. ಮಧ್ಯದ ದಾರಿಯೆಂದು ಕೆಲವರು ‘ಮೂರು ದಿನ ಗಂಡು, ಆಮೇಲೆ ಹೆಣ್ಣು’ ಎನ್ನುತ್ತಾರೆ; ಮೊದಲೆರಡು ದಿನದ ಗುಂಡಿನ ಸದ್ದಿಗೆ ಹೆಣ್ಣುಗಳೂ ಖಾಸಗಿ ಜಮೀನಿಗೆ ಸರಿದುಬಿಡುತ್ತವೆ ಎಂಬುದನ್ನು ಅವರು ಹೇಳುವುದಿಲ್ಲ.

ರುಚಿಯ ಮಾತಿಗೆ ಬಂದರೆ ಹೋಲಿಕೆಯೇ ಬೇಡ. ನನ್ನ ಹೆಣ್ಣಿನ ತೊಡೆ ಕುಕ್ಕರಿನಲ್ಲಿ ನಾಲ್ಕು ಕೂಗಿಗೆ ಬೆಂದಿತು. ಗೆಳೆಯ ಮರುವರ್ಷ ಹೊಡೆದ ಮುದಿ ಗಂಡು ಒಂಬತ್ತು ಕೂಗಿದರೂ ಹಲ್ಲಿಗೆ ಸಿಕ್ಕಿಕೊಂಡಿತು, ಕೋಡು ಮಾತ್ರ ಅವನ ಗೋಡೆಯಲ್ಲಿ ಚೆನ್ನಾಗಿದೆ. ಪಂದಿ ಕರಿಯಂತೆಯೇ ಮಾಡಲು ಹೋದರೆ ಒಣಗುತ್ತದೆ, ಎಲ್ಕ್ ಮಾಂಸದಲ್ಲಿ ಕೊಬ್ಬಿಲ್ಲ. ಕಿಲೋಗೆ ಒಂದು ಹಿಡಿ ಹಂದಿ ಕೊಬ್ಬು ಸೇರಿಸಿ, ಕಾಚಂಪುಳಿಯನ್ನು (ನಮ್ಮ ಕೊಡಗಿನ ಕಪ್ಪು ಹುಳಿರಸ) ಒಲೆ ಆರಿಸುವ ಮುಂಚೆ ಹಾಕಿ.