ಗೂಬೆ ಕೂಗಿಗೆ ಓಗೊಡುವ ಟರ್ಕಿ

ತಮ್ಮಾ, ನಿನ್ನ ಪತ್ರ ಓದಿದೆ. ಅಮೆರಿಕದ ಮಿಸ್ಸೌರಿ ರಾಜ್ಯಕ್ಕೆ ಬಂದು ಏಳು ತಿಂಗಳಾಯಿತು, ಶನಿವಾರ ಭಾನುವಾರ ಬಂದರೆ ರೂಮು ಬಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ ಅಂದಿದ್ದೀಯ. ಈಗ ನಿನ್ನ ಆಫೀಸಿನ ಹಿರಿಯರೊಬ್ಬರು ಏಪ್ರಿಲ್‌ನಲ್ಲಿ ಟರ್ಕಿ ಬೇಟೆಗೆ, ಅಂದರೆ ಕೋಳಿಯಂಥ ಆ ದೊಡ್ಡ ಕಾಡುಹಕ್ಕಿಯ ಬೇಟೆಗೆ, ಬಾ ಎಂದು ಕರೆದಿದ್ದಾರೆ. ಬರುವ ಮೊದಲು ಗೂಬೆ ಹಾಗೆ ಕೂಗೋದು ಕಲಿ ಅಂತಲೂ ಹೇಳಿದ್ದಾರೆ. ಇದು ತಮಾಷೆಯೋ ನಿಜವೋ, ಹೋಗಲೋ ಬೇಡವೋ ಅಂತ ಕೇಳಿದ್ದೀಯ.

ತಮಾಷೆ ಅಲ್ಲ. ಹೋಗು. ಇಲ್ಲಿನವರು ಊಟಕ್ಕೆ ಕರೆಯುವುದು ಸುಲಭ, ತಾವು ಬೇಟೆಗೆ ಹೋಗುವ ಜಾಗಕ್ಕೆ ಕರೆಯುವುದು ಅಪರೂಪ. ನನಗೂ 21 ವರ್ಷದ ಹಿಂದೆ ಒಬ್ಬ ಹಿರಿಯ ನೆರೆಯವರು ಹೀಗೇ ಕರೆದಿದ್ದರು. ಈ ನಾಡಿನ ಕಾಡು, ಹಳ್ಳ, ಗುಡ್ಡ ನನಗೆ ಪರಿಚಯ ಆದದ್ದೇ ಅವರ ಹಿಂದೆ ಕತ್ತಲಲ್ಲಿ ನಡೆದು.

ಗೂಬೆ ವಿಷಯ ಹೇಳುತ್ತೇನೆ. ನಮ್ಮೂರು ಶಿಗ್ಗಾಂವಿ ಕಡೆ. ಹತ್ತಿರದ ಬಂಕಾಪುರ ಕೋಟೆಯಲ್ಲಿ ನವಿಲುಧಾಮ ಇದೆ, ನೀನೂ ಕೇಳಿರಬಹುದು. ಕಾರಹುಣ್ಣಿಮೆ ಹೊತ್ತಿಗೆ ಒಂದು ಗುಡುಗು ಗುಡುಗಿದರೆ ಸಾಕು, ಆ ಕಡೆ ನವಿಲುಗಳೆಲ್ಲ ಒಟ್ಟಿಗೆ ಕೂಗುತ್ತವೆ. ಗುಡುಗು ಅವನ್ನು ತನ್ನ ಹತ್ತಿರ ಕರೆಯುವುದಿಲ್ಲ. ಅವು ಗುಡುಗಿನ ಕಡೆ ಓಡುವುದೂ ಇಲ್ಲ. ಸದ್ದು ಕಿವಿಗೆ ಬಿತ್ತು, ಕೂಗಿಬಿಟ್ಟವು, ಅಷ್ಟೇ. ಯಾವ ಮರದಲ್ಲಿ ಇವೆ ಅಂತ ನಮಗೆ ಗೊತ್ತಾಗುತ್ತದೆ.

ಹಕ್ಕಿ ಎಲ್ಲಿದೆ ಅಂತ ತಿಳಿಯಲು ಹಾಕುವ ಕೂಗಿಗೆ ಇಲ್ಲಿ ಲೊಕೇಟರ್ ಕಾಲ್ ಅನ್ನುತ್ತಾರೆ, ಅದೂ ಹೀಗೇ. ವಸಂತದಲ್ಲಿ ಗಂಡು ಟರ್ಕಿಗೆ, ಅಂದರೆ ಗಾಬ್ಲರ್‌ಗೆ, ಮದ ಬಂದಿರುತ್ತದೆ. ಆಗ ಥಟ್ಟನೆ ಜೋರು ಸದ್ದು ಕೇಳಿದರೆ ತಡೆಯಲಾರದೆ ಗೊಳಗೊಳ ಅಂತ ಕೂಗಿಬಿಡುತ್ತದೆ. ಗೂಬೆ, ಕಾಗೆ, ಮರಕುಟಿಗ, ಗುಡುಗು, ದೂರದ ರೈಲಿನ ಹಾರ್ನ್, ಕಾರಿನ ಬಾಗಿಲು ಬಡಿದ ಸದ್ದು, ಯಾವುದಾದರೂ ಆದೀತು. ಇಲ್ಲಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ನವಿಲಿನ ದನಿ ಹೊರಡಿಸುವ ಪೀಪಿಯೂ ಸಿಗುತ್ತದೆ ಗೊತ್ತಾ? ಮೊದಲ ಸಲ ಅದನ್ನು ಊದಿ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ನವಿಲು, ಟರ್ಕಿ, ನಮ್ಮ ಮನೆಯ ಕೋಳಿ ಎಲ್ಲ ಒಂದೇ ಕುಟುಂಬದ ಹಕ್ಕಿಗಳು.

ಹಾಗಾದರೆ ಹೇಂಟೆಯ ದನಿಯಲ್ಲೇ ಕರೆಯಬಹುದಲ್ವಾ ಅಂತ ನೀನು ಕೇಳಬಹುದು. ಕರೆಯಬಹುದು, ಆದರೆ ಅಲ್ಲೇ ಎಡವಟ್ಟಾಗುವುದು. ಹೇಂಟೆಯ ದನಿ ಕೇಳಿದ ಗಂಡು ನೇರ ನಿನ್ನ ಕಡೆಗೇ ಹೊರಡುತ್ತದೆ. ನೀನಿನ್ನೂ ದಾರಿಯ ನಡುವೆ ನಿಂತಿರುತ್ತೀಯ. ಟರ್ಕಿಯ ಕಣ್ಣು ಬಹಳ ಚುರುಕು. ನೀನು ಅದನ್ನು ನೋಡುವ ಮೊದಲು ಅದು ನಿನ್ನನ್ನು ನೋಡಿ ಹೋಗಿಯೇಬಿಡುತ್ತದೆ. ಗೂಬೆ ದನಿಗೆ ಅದು ಉತ್ತರ ಕೊಡುತ್ತದೆ, ಜಾಗ ಬಿಡುವುದಿಲ್ಲ. ನಿನಗೆ ನಡೆದು ಹೋಗಿ ಕೂರಲು ಸಮಯ ಸಿಗುತ್ತದೆ.

ಇಲ್ಲಿ ಕೂಗಬೇಕಾದ ಗೂಬೆಗೆ ಬಾರ್ಡ್ ಔಲ್ ಅಂತ ಹೆಸರು. ಅದರ ಕೂಗಿನ ತಾಳವನ್ನು ಇಲ್ಲಿಯವರು 'ಹೂ ಕುಕ್ಸ್ ಫಾರ್ ಯೂ, ಹೂ ಕುಕ್ಸ್ ಫಾರ್ ಯೂ ಆಲ್' ಅಂತ ನೆನಪಿಟ್ಟುಕೊಳ್ಳುತ್ತಾರೆ. ನಿನಗೆ ಅಡುಗೆ ಯಾರು ಮಾಡ್ತಾರೆ, ನಿಮಗೆಲ್ಲ ಯಾರು ಮಾಡ್ತಾರೆ ಅಂತ. ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಈ ಸಾಲು ನನ್ನ ಮನಸ್ಸಿಗೆ ತಾಗಿತ್ತು. ಬಾಯಲ್ಲೇ ಕಲಿ, ಪೀಪಿ ಬೇಕಿಲ್ಲ. ದನಿ ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಬರಬೇಕು. ಕೊನೆಯ 'ಆಲ್' ಕೆಳಗೆ ಜಾರುತ್ತಾ ಮುಗಿಯಬೇಕು. ಊರಲ್ಲಿ ಗೂಬೆ ಕೂಗಿದರೆ ಅಪಶಕುನ ಅಂತ ನಮ್ಮನ್ನು ಬೈಯುತ್ತಿದ್ದರು. ಇಲ್ಲಿ ಆ ಅಂಜಿಕೆ ಬಿಟ್ಟುಬಿಡು.

ಹೊತ್ತು ಮುಖ್ಯ. ಸೂರ್ಯ ಹುಟ್ಟುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಗುಡ್ಡದ ದಿಣ್ಣೆಯ ಮೇಲೆ ನಿಂತಿರಬೇಕು. ಮೊದಲು ಸುಮ್ನೆ ಕೇಳು. ಹಕ್ಕಿ ತಾನಾಗಿಯೇ ಕೂಗುತ್ತಿದ್ದರೆ ನೀನು ಬಾಯಿ ತೆರೆಯುವುದೇ ಬೇಡ. ಎಲ್ಲ ಮೌನವಾಗಿದ್ದರೆ ಒಂದು ಸಲ ಮೆಲ್ಲಗೆ ಕೂಗು, ಹತ್ತಿರದ ಮರದಲ್ಲೇ ಇದ್ದರೆ ಗಾಬರಿ ಆಗಬಾರದು. ಆಮೇಲೆ ಜೋರಾಗಿ, ಆದರೆ ಗಿಡ್ಡವಾಗಿ. ನನ್ನ ಮೊದಲ ವರ್ಷದ ತಪ್ಪು ಇದರಲ್ಲೇ ಆಯಿತು. ಉತ್ಸಾಹದಲ್ಲಿ ಬಿಡದೆ ಕೂಗಿದೆ, ಏನೂ ಇಲ್ಲ ಅಂದುಕೊಂಡೆ. ಪಕ್ಕದಲ್ಲಿದ್ದ ಹಿರಿಯರು ತೋಳು ಹಿಡಿದು ನಿಲ್ಲಿಸಿದರು. ನನ್ನ ಮೊದಲ ಕೂಗಿನ ನಡುವೆಯೇ ಗಾಬ್ಲರ್ ಉತ್ತರ ಕೊಟ್ಟಿತ್ತಂತೆ. ನನ್ನ ದನಿಯೇ ಅದನ್ನು ಮುಚ್ಚಿಹಾಕಿತ್ತು. ಅಂದಿನಿಂದ ಮೂರು ನಾಲ್ಕು ಹೂಂಕಾರಕ್ಕೆ ನಿಲ್ಲಿಸುತ್ತೇನೆ, ಉಸಿರು ಹಿಡಿದು ಕೇಳುತ್ತೇನೆ.

ಹೊತ್ತು ಏರಿದ ಮೇಲೆ ಗೂಬೆ ಬಿಟ್ಟು ಕಾಗೆ. ನಾಲ್ಕೈದು ಸಲ ಗಡಸಾಗಿ ಕಾ ಕಾ ಅಂದು ಸುಮ್ಮನಾಗು. ಒಂಬತ್ತು ಹತ್ತರ ಮೇಲೆ ಹೇಂಟೆಗಳು ಗೂಡಿನ ಕಡೆ ಹೋಗುತ್ತವೆ, ಒಂಟಿ ಉಳಿದ ಗಂಡು ಆಗ ಚೆನ್ನಾಗಿ ಉತ್ತರ ಕೊಡುತ್ತದೆ. ಸಂಜೆಗೂ ಒಂದು ಕೆಲಸ ಇದೆ. ಟರ್ಕಿಗಳು ಕತ್ತಲಾಗುವ ಮುಂಚೆ ಮರ ಹತ್ತುತ್ತವೆ. ಆಗ ಗೂಬೆಯ ದನಿ ಅಥವಾ ಇಲ್ಲಿನ ನರಿಯಂಥ ಪ್ರಾಣಿ ಕೊಯೋಟಿಯ ದನಿ ಹಾಕಿ ಮರ ಗುರುತು ಮಾಡಿಕೊಂಡು ಸದ್ದಿಲ್ಲದೆ ಮನೆಗೆ ಬಂದರೆ, ಬೆಳಗ್ಗೆ ಹುಡುಕುವ ಕಷ್ಟ ಇಲ್ಲ.

ಉತ್ತರ ಬಂತು ಅಂತ ಓಡಬೇಡ. ಎಲೆ ಬರದ ಕಾಡಿನಲ್ಲಿ ದನಿ ದೂರ ಹರಿಯುತ್ತದೆ, ಹಕ್ಕಿಗೆ ನೀನೂ ದೂರದಿಂದ ಕಾಣುತ್ತೀಯ. ಓಕ್ ಮರಗಳಿಗೆ ಎಲೆ ತುಂಬಿದ ಮೇಲೆ ಅದೇ ದನಿ ಮಂದವಾಗುತ್ತದೆ, ದೂರ ಇದೆ ಅಂದುಕೊಂಡ ಹಕ್ಕಿ ಹತ್ತಿರವೇ ಇರುತ್ತದೆ. ನೂರು ನೂರೈವತ್ತು ಗಜದ ಆಚೆಯೇ ನಿಂತು, ನಿನ್ನ ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರು. ಹೇಂಟೆಯ ದನಿ ಶುರುವಾಗುವುದು ಅಲ್ಲಿಂದ, ಅದನ್ನು ನಿನ್ನನ್ನು ಬೇಟೆಗೆ ಕರೆದ ಹಿರಿಯರಿಗೇ ಬಿಡು.

ಇನ್ನು ಮೂರು ಮಾತು ಕಿವಿಗೆ ಹಾಕಿಕೋ. ನೀನು ಎಚ್-1ಬಿ ವೀಸಾದಲ್ಲಿ ಇದ್ದೀಯ. ಅಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಈ ವರ್ಷ ನಿನಗೆ ಬಂದೂಕು ಬೇಡವೇ ಬೇಡ. ಒಂದು ನಿಮಿಷ ಹಿಡಿದುಕೋ ಅಂದರೂ ಬೇಡ ಅನ್ನು, ಕಾರಣ ಹೇಳು, ಅವರು ತಪ್ಪು ತಿಳಿಯುವುದಿಲ್ಲ. ಮುಂದೆ ಆಸೆ ಆದರೆ ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಮುಗಿಸು, 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಿಸ್ಸೌರಿಯಲ್ಲಿ ಅದು ಬೇಕು. ಬಂದೂಕಿಲ್ಲದೆ ಹಕ್ಕಿಯನ್ನು ದನಿ ಹಾಕಿ ಕರೆಯುವವನಿಗೂ ಏನು ನಿಯಮ ಅನ್ನುವುದನ್ನು ಕನ್ಸರ್ವೇಶನ್ ಇಲಾಖೆಯ ಆ ವರ್ಷದ ಪುಸ್ತಿಕೆಯಲ್ಲಿ ಓದಿಕೋ.

ಬಟ್ಟೆಯಲ್ಲಿ ಕೆಂಪು, ಬಿಳಿ, ನೀಲಿ ಬೇಡ. ಗಾಬ್ಲರ್ ತಲೆಯ ಬಣ್ಣಗಳೇ ಅವು. ಸಾರ್ವಜನಿಕ ಕಾಡಿನಲ್ಲಿ ನಿನ್ನ ಗೂಬೆಗೆ ಉತ್ತರ ಕೊಟ್ಟದ್ದು ಇನ್ನೊಬ್ಬ ಬೇಟೆಗಾರನೂ ಇರಬಹುದು. ಯಾರಾದರೂ ಕಂಡರೆ ಕೈ ಬೀಸಬೇಡ, ಕೂತಲ್ಲಿಂದಲೇ ಜೋರಾಗಿ ಮಾತಾಡು.

ಮತ್ತೆ ಉಣ್ಣಿ. ಲೋನ್ ಸ್ಟಾರ್ ಟಿಕ್ ಅನ್ನುವ ಉಣ್ಣಿ ಇಲ್ಲಿ ಜಾಸ್ತಿ, ಅದು ಕಚ್ಚಿ ಕೆಲವರಿಗೆ ಕುರಿ, ಹಂದಿ ಮಾಂಸವೇ ಒಗ್ಗದ ಅಲರ್ಜಿ ಬರುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದು ಒಣಗಿಸು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸು.

ಇನ್ನೊಂದು ಖುಷಿಯ ವಿಷಯ. 1950ರ ಸುಮಾರಿಗೆ ಈ ರಾಜ್ಯದಲ್ಲಿ ಕಾಡು ಟರ್ಕಿ ಹೆಚ್ಚುಕಡಿಮೆ ಮುಗಿದೇಹೋಗಿತ್ತು. ಉಳಿದವನ್ನು ಬಲೆ ಹಾಕಿ ಹಿಡಿದು, ಬೇರೆ ಬೇರೆ ಕಾಡಿಗೆ ಬಿಟ್ಟು ಬೆಳೆಸಿದರು. 1960ರಲ್ಲಿ ಮತ್ತೆ ಬೇಟೆ ಶುರುವಾದಾಗ ಕೊಟ್ಟದ್ದು ಮೂರೇ ದಿನ. ಇವತ್ತು ನೀನು ಕೇಳಲಿರುವ ಕೂಗು ಹಾಗೆ ಉಳಿದು ಬಂದದ್ದು.

ಮಾರ್ಚ್ ಕೊನೆಯ ಶನಿವಾರ ನಮ್ಮ ಮನೆಗೆ ಬಾ. ಬೇಟೆ ಶುರುವಾಗುವ ಮೊದಲು, ಬಂದೂಕಿಲ್ಲದೆ, ಸುಮ್ನೆ ಕೇಳಿ ಬರೋಣ. ಶುಕ್ರವಾರ ರಾತ್ರಿಯೇ ಬಂದು ಮಲಗು, ನಾಲ್ಕೂವರೆಗೆ ಎದ್ದು ಹೊರಡಬೇಕು. ಥರ್ಮಾಸಿನಲ್ಲಿ ಚಹಾ ನಾನು ತರುತ್ತೇನೆ. ನೀನು ಅಷ್ಟರಲ್ಲಿ ಆ ಗೂಬೆಯ ಕೂಗು ಕಲಿತಿರು.