ಗ್ರೂಪಿನಲ್ಲಿ ಧರ್ಮ, ರಾಜಕೀಯ ಬೇಡ ಅಂತ ನಿಯಮ ಮಾಡಲಾ?

ಹುಬ್ಬಳ್ಳಿಯಿಂದ ಬರೆದ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರ ಉದ್ದವಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಅದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಗದಗಿನಲ್ಲಿ ಜೊತೆಗೆ ಹೈಸ್ಕೂಲು ಓದಿದವರೆಲ್ಲ 2020ರ ಲಾಕ್‌ಡೌನ್‌ನಲ್ಲಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿರಿ. ನೀವೇ ಅಡ್ಮಿನ್. ಶುರುವಾಗಿದ್ದು ಹಾಡಿನಿಂದ. ಭಾನುವಾರ ಬೆಳಿಗ್ಗೆ ಯಾರಾದರೂ ಒಂದು ಹಾಡು ಹಾಕುವುದು, ಉಳಿದವರು ಅದರ ಮೇಲೆ ಹರಟುವುದು. ಆಮೇಲೆ ಹರಟೆ ಹಾಡಿಗಷ್ಟೇ ನಿಲ್ಲಲಿಲ್ಲ. ಮಕ್ಕಳ ಮದುವೆ, ಗಂಡ-ಹೆಂಡತಿ ಜಗಳ, ಚುನಾವಣೆ, ದೇವರಿದ್ದಾನಾ ಇಲ್ವಾ, ಎಲ್ಲ ಬಂತು. ಚೆನ್ನಾಗಿಯೇ ನಡೆದಿತ್ತು. ಹೋದ ತಿಂಗಳು ಒಬ್ಬರು ಶಿಶುನಾಳ ಶರೀಫರ ತತ್ವಪದವೊಂದನ್ನು ಸಿ. ಅಶ್ವಥ್ ಅವರ ದನಿಯಲ್ಲಿ ಹಾಕಿದರು. ಕೆಳಗೆ ಇನ್ನೊಬ್ಬರು "ಇಂಥಾವ್ರು ಈಗ ಅವರೊಳಗ ಎಲ್ಲಿದ್ದಾರ?" ಎಂದು ಬರೆದರು. ಹಿಂದೆಯೇ ಅವರಿಂದ ಒಂದು ಉದ್ದನೆಯ ಫಾರ್ವರ್ಡ್ ಬಂತು, ಇಡೀ ಮುಸ್ಲಿಂ ಸಮುದಾಯವನ್ನು ಬೈಯುವಂಥದ್ದು. ನಾಲ್ಕು ಜನ ಅದಕ್ಕೆ ಹೆಬ್ಬೆರಳು ಎತ್ತಿದರು. ಎಂಟನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ನಿಮ್ಮ ಪಕ್ಕ ಕೂತಿದ್ದ ಗೆಳತಿ "ಇದು ನನಗೂ ಹೇಳಿದ್ದೇನು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅರ್ಧ ಗಂಟೆಯ ಮೇಲೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಹಾಕಿದರು. ಗೆಳತಿ ಗ್ರೂಪ್ ಬಿಟ್ಟರು. 2022ರಿಂದ ಹೀಗೆ ಬಿಟ್ಟುಹೋದರೆ ಸೂಚನೆ ಬರುವುದು ಅಡ್ಮಿನ್‌ಗೆ ಮಾತ್ರ. ಹಾಗಾಗಿ ಅವರು ಹೋಗಿದ್ದು ಮೊದಲು ಗೊತ್ತಾಗಿದ್ದು ನಿಮಗೆ.

ಈಗ ನೀವು ಕೇಳಿದ್ದೇನೆಂದರೆ, ಧರ್ಮ-ರಾಜಕೀಯ ಮಾತಾಡಬಾರದು ಅಂತ ನಿಯಮ ಮಾಡಲಾ? ಅಡ್ಮಿನ್ ಆಗಿರೋದರಿಂದ ನನ್ನ ಮೇಲೆ ಕೇಸ್ ಆಗುತ್ತಾ? ಗೆಳತಿಯನ್ನು ವಾಪಸ್ ಕರೆಯೋದು ಹೇಗೆ? ನಿಮ್ಮ ಯಜಮಾನರು "ಗ್ರೂಪೇ ಬಿಟ್ಟುಬಿಡು, ಅದ್ಯಾಕೆ ತಲೆನೋವು" ಎನ್ನುತ್ತಿದ್ದಾರಂತೆ.

ಬಿಡಬೇಡಿ. ಆ ನಿಯಮವನ್ನೂ ಮಾಡಬೇಡಿ.

ಧರ್ಮದ ಮಾತು ಬೇಡ ಎಂದರೆ ಭಾನುವಾರ ಶರೀಫರ ಪದ ಹಾಕುವುದು ಹೇಗೆ? ಆ ಪದಗಳ ತುಂಬ ಇರುವುದು ದೇವರು, ಗುರು, ಜಾತಿ, ಸಾವು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಹುಡುಗ ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರನ್ನು ಗುರು ಎಂದು ಒಪ್ಪಿಕೊಂಡ. ಊರವರು ಅದನ್ನು ಸುಮ್ಮನೆ ಒಪ್ಪಲಿಲ್ಲ. ಎರಡೂ ಕಡೆಯವರು ಮೂಗು ಮುರಿದರು, ಜಗಳ ತೆಗೆದರು ಅಂತಲೇ ಆ ಕಡೆ ಇವತ್ತಿಗೂ ಕತೆ ಹೇಳುತ್ತಾರೆ. ಗುರು-ಶಿಷ್ಯರು ಒಬ್ಬರನ್ನೊಬ್ಬರು ಬಿಡಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡರು. ಅವರ ಗದ್ದುಗೆಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಈ ಇಬ್ಬರ ನಡುವೆ ಧರ್ಮದ ಮಾತು ಬೇಡ ಅನ್ನೋ ಒಪ್ಪಂದವೇನೂ ಇರಲಿಲ್ಲ. ಅವರಿಗೆ ಇದ್ದದ್ದು ಅದೊಂದೇ ಮಾತು.

ಅದೇ ಕುಂದಗೋಳದ ಇನ್ನೊಂದು ಮನೆ ನೋಡಿ. ಉತ್ತರ ಪ್ರದೇಶದ ಕೈರಾನಾದ ಅಬ್ದುಲ್ ಕರೀಂ ಖಾನರ ಹತ್ತಿರ ಸಂಗೀತ ಕಲಿತವರು ಸವಾಯಿ ಗಂಧರ್ವರು. ಅವರ ಹತ್ತಿರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನಿಮ್ಮ ಗದಗಿನ ಭೀಮಸೇನ ಜೋಶಿಯವರು ಕಲಿತದ್ದೂ ಅಲ್ಲೇ. ಇದನ್ನೆಲ್ಲ ನಿಮ್ಮ ಗ್ರೂಪಿನವರು ನನಗಿಂತ ಚೆನ್ನಾಗಿ ಬಲ್ಲರು, ನೀವು ಬರೆದ ಹಾಡಿನ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ನಿಮ್ಮ ಗೆಳತಿಗೆ ನೋವಾಗಿರುವಾಗ ಈ ಹೆಸರುಗಳನ್ನು ತಂದು "ನೋಡು, ನಾವೆಲ್ಲ ಎಷ್ಟು ಒಂದಾಗಿದ್ದೇವೆ" ಎಂದು ಹೇಳಬೇಡಿ. ಅವರನ್ನು ಬೈದ ಮೆಸೇಜು ಬಂದದ್ದು ಶರೀಫರ ಹಾಡಿನ ಕೆಳಗೇ. ಶರೀಫರನ್ನು ಹೊಗಳುತ್ತಲೇ ಪಕ್ಕದಲ್ಲಿರುವವರನ್ನು ಬೈಯಬಹುದು ಅನ್ನೋದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ರಾಜಕೀಯ ಬೇಡ ಅನ್ನೋದೂ ಅಷ್ಟೇ ಕಷ್ಟ. ನಿಮ್ಮ ಗ್ರೂಪಿನಲ್ಲಿ ನರಗುಂದ, ನವಲಗುಂದದ ಕಡೆಯವರಿದ್ದಾರೆ ಎಂದಿದ್ದೀರಿ. ಅವರು ಮಹದಾಯಿ ನದಿ ನೀರಿನ ಬಗ್ಗೆ ಮಾತಾಡಬಾರದಾ? 2015ರಿಂದ ಆ ಊರುಗಳ ರೈತರು ಧರಣಿ ಕೂತರು, 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ನಿಮ್ಮ ಹುಬ್ಬಳ್ಳಿಯ ನಲ್ಲಿಗೂ ಅದಕ್ಕೂ ಸಂಬಂಧವಿದೆ. ಇದು ರಾಜಕೀಯ ಅಲ್ಲದೆ ಮತ್ತೇನು?

ನನ್ನ ಪ್ರಕಾರ ನಿಮ್ಮ ಗ್ರೂಪಿಗೆ ಬೇಕಾಗಿರುವ ನಿಯಮ ಒಂದೇ. ಏನು ಬೇಕಾದರೂ ಮಾತಾಡಿ, ಆದರೆ ನೀವೇ ಬರೆಯಿರಿ. ಫಾರ್ವರ್ಡ್ ಬೇಡ. ಹಾಡಿನ ಲಿಂಕ್ ಹಾಕಬಹುದು, ಸಾವಿನ ಸುದ್ದಿ, ರಕ್ತ ಬೇಕಾಗಿದೆ ಅನ್ನೋಂಥದ್ದು ಇರಲಿ, ಅದೂ ಫೋನ್ ಮಾಡಿ ನಿಜವೋ ಅಲ್ಲವೋ ನೋಡಿಕೊಂಡು. ಬೇರೆ ಯಾರೋ ಬರೆದ ಅಭಿಪ್ರಾಯ ಮಾತ್ರ ಬೇಡ.

ಇದನ್ನು ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮ ಪತ್ರದಲ್ಲಿ ನೀವೇ ಎರಡು ಸಂಗತಿ ಬರೆದಿದ್ದೀರಿ, ಎರಡೂ ಒಂದೇ ಮನುಷ್ಯನ ಬಗ್ಗೆ. ಹೋದ ವರ್ಷ ನಿಮ್ಮ ಕ್ಲಾಸಿನವರೊಬ್ಬರು ರಾತ್ರಿ ಹನ್ನೆರಡಕ್ಕೆ "ನನಗ ಈ ಮನ್ಯಾಗ ಇರಾಕ ಆಗಂಗಿಲ್ಲ" ಎಂದು ಗ್ರೂಪಿನಲ್ಲಿ ಬರೆದಾಗ, ಉಳಿದವರು ಅಡ್ಜಸ್ಟ್ ಮಾಡಿಕೋ, ಮಕ್ಕಳ ಮುಖ ನೋಡು ಎಂದೆಲ್ಲ ಬುದ್ಧಿ ಹೇಳುತ್ತಿರುವಾಗ, "ಮೊದಲು ಊಟ ಆತೇನು ಹೇಳು" ಎಂದು ಕೇಳಿದವರು ಇವರೇ. ಬೆಳಿಗ್ಗೆ ಎದ್ದು ವಕೀಲರನ್ನು ಹುಡುಕಿ ಕೊಟ್ಟವರೂ ಇವರೇ. ಈಗ ಆ ಫಾರ್ವರ್ಡ್ ಕಳಿಸಿದವರೂ ಇವರೇ. ಊಟ ಆತೇನು ಅನ್ನೋದು ಅವರ ಮಾತು. ಆ ಉದ್ದನೆಯ ಮೆಸೇಜು ಅವರು ಕೂತು ಬರೆದದ್ದಲ್ಲ. ನಿಮ್ಮ ಗೆಳತಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಅದನ್ನು ಒಂದೊಂದೇ ಅಕ್ಷರ ಒತ್ತಿ ಬರಿ ಎಂದರೆ ಅವರ ಕೈಯಲ್ಲಿ ಆಗುತ್ತಿತ್ತಾ? ನನಗಂತೂ ಅನುಮಾನ. ಅದಕ್ಕೆ ಮೊದಲಿನ ಸಾಲು, "ಇಂಥಾವ್ರು ಎಲ್ಲಿದ್ದಾರ" ಅನ್ನೋದು, ಅವರದೇ. ಅದಕ್ಕೆ ಅವರು ಉತ್ತರ ಹೇಳಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಆ ಸಾಲಿನ ಮೇಲೆ ನೀವು ಅವರ ಜೊತೆ ಜಗಳ ಆಡಬಹುದು. ಯಾರು ಬರೆದರೋ ಗೊತ್ತಿಲ್ಲದ ಫಾರ್ವರ್ಡ್ ಜೊತೆ ಜಗಳ ಆಡೋಕೂ ಆಗಲ್ಲ.

ಆ ಮೆಸೇಜಿನ ತಲೆಯ ಮೇಲೆ ಜೋಡಿ ಬಾಣದ ಗುರುತಿತ್ತಾ ನೋಡಿ. ಐದು ಸಲವೋ ಅದಕ್ಕಿಂತ ಜಾಸ್ತಿಯೋ ಕೈಯಿಂದ ಕೈಗೆ ದಾಟಿ ಬಂದದ್ದಕ್ಕೆ ಆ ಗುರುತು ಬೀಳುತ್ತದೆ. ಮೆಸೇಜು ಫಾರ್ವರ್ಡ್ ಆದದ್ದು ಅಂತ ತೋರಿಸಲು ಶುರು ಮಾಡಿದ್ದೇ 2018ರಲ್ಲಿ. ಅದೇ ವರ್ಷ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಕಳಿಸದ ಹಾಗೆ ಮಾಡಿದರು. 2020ರಲ್ಲಿ ಜೋಡಿ ಬಾಣದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಎಂದರು. ಸುಮ್ನೆ ಮಾಡಿದ್ದಲ್ಲ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆ ಅಲ್ವಾ? ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂಚೆ ಮುಂದಿನ ಊರು ತಲುಪಿತು. ಜನ ರಸ್ತೆ ಅಡ್ಡ ಹಾಕಿ ಹೊಡೆದರು. ಒಬ್ಬ ಎಂಜಿನಿಯರ್ ಸತ್ತರು. ಕಳಿಸಿದವರಲ್ಲಿ ಎಷ್ಟೋ ಜನ ನಮ್ಮ ನಿಮ್ಮ ಹಾಗೆ "ಇರಲಿ, ಎಲ್ಲರಿಗೂ ಗೊತ್ತಾಗಲಿ" ಎಂದೇ ಕಳಿಸಿರಬೇಕು.

ಹೆಬ್ಬೆರಳು ಎತ್ತಿದ ನಾಲ್ವರ ಬಗ್ಗೆಯೂ ನೀವು ಕೇಳಿದ್ದೀರಿ. ಓದದೇ ಒತ್ತಿರಬಹುದು ಅಂತ ಅವರ ಪರ ಬರೆದಿದ್ದೀರಿ. ಇರಬಹುದು. ಆದರೆ ನಿಮ್ಮ ಗೆಳತಿಗೆ ಅದು ಹೇಗೆ ಗೊತ್ತಾಗಬೇಕು? ಅವರಿಗೆ ಕಂಡದ್ದು ನಾಲ್ಕು ಹೆಸರು, ನಾಲ್ಕೂ ಅವರ ಮನೆಯಲ್ಲಿ ಹಬ್ಬಕ್ಕೆ ಸುರಕುಂಬಾ ಕುಡಿದವರದು. ಅದರ ಕೆಳಗೆ ಅವರ ಪ್ರಶ್ನೆ, ಅದರ ಕೆಳಗೆ ಗುಲಾಬಿ ಹೂವು. ನೀವು "ಅಡ್ಮಿನ್ ಅಲ್ವಾ, ಒಬ್ಬರ ಪಕ್ಷ ಹಿಡಿಯಬಾರದು ಅಂತ ಸುಮ್ಮನಿದ್ದೆ" ಎಂದಿದ್ದೀರಿ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಅದು ಸರಿಯಲ್ಲ. ಅವರು ಯಾವುದೋ ಪಕ್ಷದ ಬಗ್ಗೆ ವಾದ ಮಾಡುತ್ತಿರಲಿಲ್ಲ. ನನ್ನನ್ನೂ ಸೇರಿಸಿ ಬೈದಿರಾ ಎಂದು ಕೇಳುತ್ತಿದ್ದರು. ಅದಕ್ಕೆ "ಇಲ್ಲವ್ವ, ನಿನಗಲ್ಲ, ಇದು ತಪ್ಪು" ಅನ್ನೋ ನಾಲ್ಕು ಮಾತು ಸಾಕಿತ್ತು. ಇಷ್ಟು ಹೇಳೋಕೆ ಯಾವ ಪಕ್ಷದವರೂ ಆಗಬೇಕಿಲ್ಲ.

ಹಾಗಾಗಿ ಅವರಿಗೆ ಮೆಸೇಜು ಹಾಕಬೇಡಿ, ಫೋನ್ ಮಾಡಿ. ಗ್ರೂಪಿಗೆ ವಾಪಸ್ ಬಾ ಎಂದು ಮೊದಲೇ ಕೇಳಬೇಡಿ. ಅವನು ಹಾಗೆಲ್ಲ ಅಲ್ಲ, ಮನಸ್ಸು ಒಳ್ಳೇದು ಎಂದು ಫಾರ್ವರ್ಡ್ ಕಳಿಸಿದವರ ಪರ ವಕಾಲತ್ತು ಬೇಡ, ಅದು ಆಮೇಲೆ. ಅವತ್ತು ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ ಎಂದು ಹೇಳಿ, ಆಮೇಲೆ ಅವರು ಏನು ಹೇಳುತ್ತಾರೋ ಕೇಳಿ. ಬೈದರೆ ಬೈಸಿಕೊಳ್ಳಿ. ಫೋನ್ ಎತ್ತದೇ ಇದ್ದರೆ ಅವರು ಈಗಿರುವ ಸೊಲ್ಲಾಪುರವೇನು ಬಹಳ ದೂರ ಇಲ್ಲ, ಹುಬ್ಬಳ್ಳಿಯಿಂದ ರೈಲಿದೆ. ವಾಪಸ್ ಬರೋದು ಬಿಡೋದು ಅವರಿಗೆ ಬಿಟ್ಟದ್ದು. ಬರದೇ ಇದ್ದರೂ ನಿಮ್ಮಿಬ್ಬರ ಗೆಳೆತನಕ್ಕೆ ಗ್ರೂಪ್ ಬೇಕಾಗಿಲ್ಲ, ಅದು ಅದಕ್ಕಿಂತ ಎಷ್ಟೋ ವರ್ಷ ಹಳೆಯದು.

ಫಾರ್ವರ್ಡ್ ಕಳಿಸಿದ ಆ ಗೆಳೆಯರಿಗೂ ಫೋನೇ ಮಾಡಿ. ಎಲ್ಲರ ಮುಂದೆ ಬೈದರೆ ಅವರು ಮಾನ ಉಳಿಸಿಕೊಳ್ಳೋಕೆ ಇನ್ನೂ ನಾಲ್ಕು ಫಾರ್ವರ್ಡ್ ತಂದು ಸುರಿಯುತ್ತಾರೆ. ಅವರ ಮತ ಯಾರಿಗೆ ಅನ್ನೋದು ನಿಮಗೆ ಬೇಡ, ಅದನ್ನು ಬದಲಾಯಿಸೋಕೂ ಹೋಗಬೇಡಿ. ಒಂದೇ ಪ್ರಶ್ನೆ ಕೇಳಿ. ಅವಳು "ನನಗೂ ಹೇಳಿದ್ದೇನು" ಎಂದು ಕೇಳಿದ್ದಾಳೆ, ನೀ ಏನು ಹೇಳ್ತೀ? ವಕೀಲರನ್ನು ಹುಡುಕಿಕೊಟ್ಟ ಮನುಷ್ಯ ಇದಕ್ಕೆ ಉತ್ತರ ಕೊಡದೇ ಇರಲಾರರು ಅನ್ನೋದು ನನ್ನ ನಂಬಿಕೆ. ಕೊಡದೇ ಇದ್ದರೆ, ಫಾರ್ವರ್ಡ್ ನಿಲ್ಲಿಸದೇ ಇದ್ದರೆ, ಅವರನ್ನು ಗ್ರೂಪಿನಿಂದ ತೆಗೆಯಿರಿ. ಕಷ್ಟದ ಕೆಲಸ, ಗೊತ್ತು. ಆದರೆ ಇಲ್ಲೀವರೆಗೆ ಹೊರಗೆ ಹೋದವರು ಬೈಸಿಕೊಂಡವರು.

ಕೇಸಿನ ಭಯದ ಬಗ್ಗೆ. ಗ್ರೂಪಿನಲ್ಲಿ ಬೇರೆಯವರು ಹಾಕಿದ್ದಕ್ಕೆ, ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅದು ಕೇರಳದ ತೀರ್ಪು, ನಮ್ಮ ಕೋರ್ಟುಗಳು ಅದನ್ನು ಗಮನಕ್ಕೆ ತೆಗೆದುಕೊಳ್ಳಬಹುದು, ಅದಕ್ಕೆ ಕಟ್ಟುಬೀಳಬೇಕೆಂದಿಲ್ಲ. ಧರ್ಮದ ಹೆಸರಿನಲ್ಲಿ ಗುಂಪುಗಳ ನಡುವೆ ದ್ವೇಷ ಹಚ್ಚುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ, ಫಾರ್ವರ್ಡ್ ಮಾಡಿದ್ದು ನಾನು ಬರೆದದ್ದಲ್ಲ ಎಂದರೆ ಅಷ್ಟಕ್ಕೇ ಬಿಡುಗಡೆ ಇಲ್ಲ. ನಿಮ್ಮ ಕೈಯಲ್ಲಿರುವ ಸುಲಭದ ಕೆಲಸ ಇನ್ನೊಂದಿದೆ. ಅಡ್ಮಿನ್ ಆದವರು ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಆ ಮೆಸೇಜು ಇನ್ನೂ ಅಲ್ಲೇ ಇದೆ ಎಂದು ಬರೆದಿದ್ದೀರಿ. ತುಂಬ ದಿನ ಆಗಿರೋದರಿಂದ ಈಗ ನಿಮ್ಮಿಂದ ಆಗದೇ ಇರಬಹುದು, ಪ್ರಯತ್ನಿಸಿ. ಆಗದಿದ್ದರೆ ಅದರ ಕೆಳಗೇ "ಇದು ಇಲ್ಲಿ ಬರಬಾರದಿತ್ತು" ಎಂದು ನಿಮ್ಮ ಹೆಸರಿನಲ್ಲಿ ಬರೆಯಿರಿ.

ಪತ್ರ ಪತ್ರಿಕೆಯಲ್ಲಿ ಬರುವಷ್ಟರಲ್ಲಿ ಇನ್ನೂ ಎರಡು ವಾರ ಹೋಗುತ್ತದೆ. ಅಲ್ಲಿವರೆಗೆ ಫೋನ್ ತಡವಾಗಬಾರದು ಅಂತ ಈ ಉತ್ತರದ ಒಂದು ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಇವತ್ತೇ ಅಂಚೆಗೆ ಹಾಕಿದ್ದೇನೆ.

– ಸಂಪಾದಕ